ಹಿಂದಕ್ಕೆ ಬಾರದ ಬೀಗಿತ್ತಿ

ನಮ್ಮ ಕಾರಿಗೆ ಬೀಗಿತ್ತಿ ಎಂದು ಹೆಸರಿಟ್ಟವರು ನಮ್ಮವರು. ಮಗಳಿಗೆ ಮದುವೆ ಬೇಡವಾಗಿತ್ತು, ನಮಗೂ ಒತ್ತಾಯ ಮಾಡುವ ಮನಸ್ಸಿರಲಿಲ್ಲ. ಹಾಗಾಗಿ ಬೀಗರ ಉಪಚಾರ ಮಾಡುವ ಯೋಗ ನಮಗಿಲ್ಲ ಎಂದುಕೊಂಡಿದ್ದೆವು. ಕಾರಿಗೆ ವಯಸ್ಸಾದ ಮೇಲೆ ಆ ಕೊರತೆ ನೀಗಿತು. ಬೆಳಿಗ್ಗೆ ಕೀಲಿ ತಿರುಗಿಸಿ ಗೇರಿನ ಹಿಡಿಯನ್ನು 'ಡಿ'ಗೆ ಎಳೆದರೆ ತಕ್ಷಣ ಹೊರಡುವುದಿಲ್ಲ. ಮೊದಲು ಒಂದು ನಿಟ್ಟುಸಿರು. ಆಮೇಲೆ ಮೈ ಕೊಡವಿದ ಹಾಗೆ ಒಂದು ಜಗ್ಗು. ಅದೂ ಆದ ಮೇಲೆ, ಇಷ್ಟು ಕೇಳಿಕೊಳ್ಳುತ್ತಿದ್ದೀರಲ್ಲ ಬರುತ್ತೇನೆ ಎಂಬ ಠೀವಿಯಲ್ಲಿ ಚಲಿಸುವುದು.

"ಬೀಗಿತ್ತಿಯವರು ಎದ್ದರು," ಎನ್ನುತ್ತಿದ್ದರು ನಮ್ಮವರು. "ನೀನೇನೂ ಮಾತಾಡಬೇಡ, ಮುನಿಸಿಕೊಂಡಾರು."

ಅದು ಆಟೊಮ್ಯಾಟಿಕ್ ಗೇರಿನ ಕಾರು. ಗೇರು ತಾನೇ ಬದಲಾಗುತ್ತದೆ. ತುಳಿಯಲು ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ನಮ್ಮವರ ಎಡಗಾಲು ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಸೊರಗಿ, ಹಾಗೆಯೇ ಸಣ್ಣಗೆ ಉಳಿದುಬಿಟ್ಟಿದೆ. ಊರುಗೋಲು ಹಿಡಿದು ಬಾಗಿಲಿನಿಂದ ಗೇಟಿಗೆ, ಗೇಟಿನಿಂದ ಬೀದಿಯ ಮೂಲೆಗೆ ನಡೆಯುತ್ತಾರೆ. ಅದರಾಚೆಯ ಲೋಕವೆಲ್ಲ ಕಾರಿನ ದಯೆ. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು ಅವರು. ಊರಿನ ಒಂದೊಂದು ಓಣಿಯನ್ನೂ ಮೇಜಿನ ಮುಂದೆ ಕೂತು ಶಾಯಿಯಲ್ಲಿ ಎಳೆದಿದ್ದ ಮನುಷ್ಯ, ಕಾರು ಬಂದ ಮೇಲೆ ಅವನ್ನೆಲ್ಲ ಒಂದೊಂದಾಗಿ ಹೋಗಿ ನೋಡಿ ಬಂದರು. ಪಕ್ಕದ ಸೀಟಿನಲ್ಲಿ ನಾನು.

"ಇದೇ ನೋಡೇ ಆ ತಿರುವು. ಇದನ್ನ ಬರೆಯುವಾಗ ನನ್ನ ನಿಬ್ಬು ಮುರೀತು."

"ನಿಜವಾದ ರಸ್ತೇಲಿ ಗುಂಡಿ ಇದೆ. ನಕ್ಷೇಲಿ ಹಾಕಿದ್ರಾ?"

"ಗುಂಡಿ ಆಮೇಲೆ ಬಂದಿದ್ದು. ನಾನು ಬರೆದಾಗ ರಸ್ತೆ ಕನ್ನಡಿ ಹಾಗಿತ್ತು."

ಶನಿವಾರ ಮಾತ್ರ ಆ ಸೀಟು ನನ್ನದಲ್ಲ. ಅದು ಅವರ ಅಕ್ಕನದು; ನನಗೆ ಅತ್ತಿಗೆ, ಮಗಳಿಗೆ ಸೋದರತ್ತೆ. ಅತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಅವರ ನೆನಪು ಈಚೆಗೆ ಅಲ್ಲಲ್ಲಿ ಹೊಲಿಗೆ ಬಿಚ್ಚಿಕೊಂಡಿದೆ. ನನ್ನನ್ನು ಒಮ್ಮೊಮ್ಮೆ ಟೀಚರಮ್ಮ ಎಂದು ಕರೆಯುತ್ತಾರೆ, ನಾನು ಹೂಂ ಎನ್ನುತ್ತೇನೆ; ಆ ಹೆಸರಿನಲ್ಲೂ ಮರ್ಯಾದೆ ಇದೆಯಲ್ಲ. ಆದರೆ ಮನೆಯ ಕೆಳಗೆ ನಮ್ಮ ಕಾರು ಬಂದು ನಿಂತು ಎರಡು ಸಲ ಹಾರನ್ ಹೊಡೆದರೆ ಸಾಕು, "ಪುಟ್ಟ ಬಂದ" ಎಂದು ಚಪ್ಪಲಿ ಹುಡುಕುತ್ತಾರೆ. ಪುಟ್ಟ ಎಂದರೆ ನಮ್ಮವರು. ಎಪ್ಪತ್ತು ದಾಟಿದ ಪುಟ್ಟ.

ಈ ಪುಟ್ಟನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಕರೆದೊಯ್ದವರು ಅತ್ತಿಗೆ. ಆಗ ಅವರೂ ಸಣ್ಣ ಹುಡುಗಿಯೇ. ಶಾಲೆ ದಿಬ್ಬದ ಮೇಲಿತ್ತು, ದಾರಿ ಕಡಿದಾದ ಏರು. ಅರ್ಧ ಏರಿನಲ್ಲಿ ಒಂದು ಕಲ್ಲಿನ ತೊಟ್ಟಿ. ಅತ್ತಿಗೆ ಅಲ್ಲಿ ನಿಂತು, ತೊಟ್ಟಿಯ ಅಂಚಿಗೆ ಎರಡೂ ಕೈ ಊರಿ ಮುಂದಕ್ಕೆ ಬಾಗಿ, "ಸ್ವಲ್ಪ ಉಸಿರು ತಗೋತೀನಿ, ಗಟ್ಟಿಯಾಗಿ ಹಿಡ್ಕೋ ಪುಟ್ಟ" ಎನ್ನುತ್ತಿದ್ದರಂತೆ. ಬೇರೆ ಮಕ್ಕಳು "ಮೂಟೆ ಬಂತು, ಮೂಟೆ ಬಂತು" ಎಂದು ಕೂಗಿದರೆ ತಿರುಗಿ ನಿಂತು, "ಹೌದು ಕಣ್ರೋ, ಬಂಗಾರದ ಮೂಟೆ. ನಿಮ್ಮ ಮನೇಲಿದ್ರೆ ತಂದು ತೋರಿಸಿ" ಎಂದು ಬಾಯಿ ಮುಚ್ಚಿಸುತ್ತಿದ್ದರಂತೆ. ಮದುವೆಯಾದ ಹೊಸತರಲ್ಲಿ ನಮ್ಮವರು ನನಗೆ ಹೇಳಿದ ಮೊದಲ ಕಥೆ ಇದು. ಈಗಲೂ ಹೇಳುತ್ತಾರೆ, ನಾನು ಈಗಲೂ ಮೊದಲ ಸಲ ಕೇಳಿದ ಹಾಗೆ ಕೇಳುತ್ತೇನೆ.

ಶನಿವಾರದ ಸುತ್ತು ಹೀಗೆ: ಅತ್ತಿಗೆಯನ್ನು ಕೂರಿಸಿಕೊಂಡು ಕೆರೆಯ ದಂಡೆ, ರೈಲ್ವೆ ಗೇಟು, ಹಳೆಯ ಶಾಲೆಯ ಏರು, ಅದರ ಆಚೆ ಇಳಿದು ಮತ್ತೆ ಅವರ ಮನೆ. ವಾರವೆಲ್ಲ ಅವರು ಹೊರಗೆ ಬರುವುದು ಅದೊಂದೇ ಹೊತ್ತು. ಅವರ ಮಗ ಒಳ್ಳೆಯವನು, ತನ್ನ ಹೊಸ ಕಾರಿನಲ್ಲಿ ಕರೆದೊಯ್ಯಲು ನೋಡಿದ. ಅತ್ತಿಗೆ ಬಾಗಿಲು ಹಿಡಿದು ಒಳಗೆ ಬಗ್ಗಿ ನೋಡಿ, "ಇದರಲ್ಲಿ ಪುಟ್ಟ ಇಲ್ವಲ್ಲ" ಎಂದು ಹಿಂದಕ್ಕೆ ಸರಿದರು. ಟ್ಯಾಕ್ಸಿಯಲ್ಲೂ ಅದೇ ಆಯಿತು.

ಇಷ್ಟು ಹೇಳಿದರೆ ಬೀಗಿತ್ತಿಯ ಕಾಯಿಲೆ ನಮಗೆ ಎಂಥ ಸಂಕಟ ತಂದಿತೆಂದು ತಿಳಿದೀತು.

ಮೊದಲು ಶುರುವಾದದ್ದು ಏರಿನಲ್ಲಿ. ನಮ್ಮವರು ಕಾಲು ಒತ್ತಿದರೆ ಎಂಜಿನ್ ಜೋರಾಗಿ ಕೂಗುತ್ತದೆ, ಚಕ್ರಕ್ಕೆ ಮಾತ್ರ ಅದು ಕೇಳಿಸುವುದೇ ಇಲ್ಲ. ಕಾರು ಇದ್ದಲ್ಲೇ ತೂಕಡಿಸುತ್ತದೆ.

"ನೀನು ಕಾಲೇಜಲ್ಲಿ ಭೌತಶಾಸ್ತ್ರ ಓದಿದವಳು. ಇದೇನು ಹೇಳು," ಎಂದರು.

"ಒಳಗೆಲ್ಲೋ ಘರ್ಷಣೆ ಸಾಲ್ತಿಲ್ಲ. ಜಾರ್ತಿದೆ."

"ನಮ್ಮಿಬ್ಬರ ಮಧ್ಯೆ ಬೇಕಾದಷ್ಟಿದೆ, ಸ್ವಲ್ಪ ತಗೊಂಡು ಹಾಕು."

ಗ್ಯಾರೇಜಿನವರು ನಮ್ಮ ಹಳೆಯ ಪರಿಚಯದವರು, ಮಾತು ಕಡಿಮೆ. ಗೇರ್ ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿ ನಮ್ಮ ಮೂಗಿನ ಹತ್ತಿರ ಹಿಡಿದರು. ಕೆಂಪಗಿರಬೇಕಾದದ್ದು ಕಷಾಯದ ಬಣ್ಣಕ್ಕೆ ತಿರುಗಿತ್ತು, ಸೀದ ವಾಸನೆ.

"ಒಳಗಿನ ಕ್ಲಚ್ ಪ್ಲೇಟುಗಳು ಸವೆದಿವೆ ಸಾರ್."

"ಇದರಲ್ಲಿ ಕ್ಲಚ್ಚೇ ಇಲ್ವಲ್ರೀ?"

"ನಿಮ್ಮ ಕಾಲಿಗೆ ಇಲ್ಲ. ಅದರ ಹೊಟ್ಟೆಯೊಳಗೆ ಇದೆ." ಕಡ್ಡಿಯನ್ನು ಮತ್ತೆ ಒಳಗಿಟ್ಟರು. "ಬಿಚ್ಚಬಹುದು. ಬಿಚ್ಚಿದ ಮೇಲೆ ಸಾಮಾನು ಸಿಗದೆ ಹೋದ್ರೆ ಮತ್ತೆ ಮುಚ್ಚಿದರೂ ಓಡಲ್ಲ. ಈಗ ಹೇಗೋ ಓಡ್ತಿದೆ, ಓಡಿಸಿ. ಜೋರಾಗಿ ತುಳೀಬೇಡಿ. ಕೂಗಿದ್ರೆ ಕಾಲು ಎತ್ತಿ, ಅದು ಹಿಡ್ಕೊಳ್ಳಲಿ, ಆಮೇಲೆ ಮೆಲ್ಲಗೆ ಕೊಡಿ. ವಯಸ್ಸಾದವರನ್ನ ಮೆಟ್ಟಿಲು ಹತ್ತಿಸ್ತೀವಲ್ಲ, ಹಾಗೆ."

ಹಾಗೆಯೇ ಹತ್ತಿಸುತ್ತಿದ್ದೆವು. ನಂತರ ಒಂದು ಬೇಸಿಗೆಯ ದಿನ, ಅಂಚೆ ಕಚೇರಿಯ ಮುಂದೆ ಹಿಡಿಯನ್ನು 'ಆರ್'ಗೆ ಹಾಕಿದರೆ ಏನೂ ಆಗಲಿಲ್ಲ. ನಿಟ್ಟುಸಿರಿಲ್ಲ, ಜಗ್ಗಿಲ್ಲ. ರಿವರ್ಸ್ ಹೋಗಿಬಿಟ್ಟಿತ್ತು. ಅಂಚೆಯವನೂ ನಾನೂ ಸೇರಿ ಕಾರನ್ನು ಹಿಂದಕ್ಕೆ ತಳ್ಳಿದೆವು. ಮನೆಯ ಗೇಟಿನ ಹತ್ತಿರ ಬಂದಾಗ ನಮ್ಮವರು, "ಮಗಳಿಗೆ ಹೇಳಬೇಡ" ಎಂದರು.

ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಇನ್ನು ಕಾರು ಓಡಿಸುವುದು ಬೇಡ ಎಂಬುದು ಅವಳ ಹಠ. ಹಿಂದಿನ ಸಲ ಬಂದಾಗ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು: ಕಾರಿಗೆ ಏನಾದರೂ ದೊಡ್ಡ ಕಾಯಿಲೆ ಬಂದರೆ ಮಾರಿಬಿಡುವುದು, ಇನ್ನೊಂದು ಕೊಳ್ಳದಿರುವುದು. ಬೀಗಿತ್ತಿ ಆಗ ಗಟ್ಟಿಮುಟ್ಟಾಗಿದ್ದಳು, ನಮ್ಮವರು ಧಾರಾಳವಾಗಿ "ಆಯ್ತು" ಎಂದುಬಿಟ್ಟಿದ್ದರು.

ಅಂದಿನಿಂದ ನಾವು ಮುಂದಕ್ಕೆ ಮಾತ್ರ ಹೋಗುವ ಜನರಾದೆವು. ನಮ್ಮದು ಮೂಲೆ ಮನೆ, ಮುಂದೊಂದು ಗೇಟು, ಪಕ್ಕದಲ್ಲೊಂದು ಗೇಟು. ಪಕ್ಕದ ಗೇಟಿನ ಹೂಕುಂಡಗಳನ್ನೆಲ್ಲ ತೆಗೆದು, ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಟ್ಟೆವು. ಪಕ್ಕದ ಗೇಟಿನಿಂದ ಒಳಗೆ, ಎರಡು ಗೇಟಿನ ನಡುವೆ ನಿಲುಗಡೆ, ಮುಂದಿನ ಗೇಟಿನಿಂದ ಹೊರಗೆ. ಶೆಡ್ಡಿನೊಳಗೆ ನುಗ್ಗಿಸಿ ನಿಲ್ಲಿಸುವ ಮಾತೇ ಇಲ್ಲ. ಎಲ್ಲಿಗೆ ಹೋಗಬೇಕಾದರೂ ನಮ್ಮವರು ಕಣ್ಣು ಮುಚ್ಚಿ, ತಾವೇ ಬರೆದ ನಕ್ಷೆಯನ್ನು ತಲೆಯಲ್ಲಿ ಹರಡಿಕೊಳ್ಳುತ್ತಿದ್ದರು. "ಬ್ಯಾಂಕಿನ ಓಣಿ ಬೇಡ, ಕೊನೇಲಿ ಗೋಡೆ. ದರ್ಜಿಯ ಓಣಿಯಿಂದ ಹೋದ್ರೆ ಸುತ್ತಾದರೂ ಇನ್ನೊಂದು ಕಡೆ ತೆರೆದಿದೆ." ಇಷ್ಟು ವರ್ಷಗಳ ನಂತರ ಅವರ ವಿದ್ಯೆ ಹೀಗೆ ಉಪಯೋಗಕ್ಕೆ ಬಂದದ್ದು ಅವರಿಗೆ ಒಳಗೊಳಗೇ ಖುಷಿ. ಹಳೆಯ ಗೆಳೆಯರೊಬ್ಬರ ಮನೆ ಮಾತ್ರ ಮುಂದೆ ದಾರಿಯಿಲ್ಲದ ಓಣಿಯ ಕೊನೆಯಲ್ಲಿತ್ತು. ಅವರ ಸ್ನೇಹವನ್ನು ಫೋನಿನಲ್ಲಿ ಸಾಗಿಸಿದೆವು.

ಈ ಗುಟ್ಟು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂಬುದು ಅವರ ನಂಬಿಕೆ. ಪಕ್ಕದ ಸೀಟಿನಲ್ಲಿ ಕೂತವಳಿಗೆ ಬೇರೆಯೇ ಕಾಣುತ್ತಿತ್ತು. ನಮ್ಮ ಬೀದಿಯ ಔಷಧಿ ಅಂಗಡಿಯ ಎದುರು ತಳ್ಳುಗಾಡಿ ನಿಲ್ಲಿಸುವ ಹಣ್ಣಿನವಳು, ನಮ್ಮ ಕಾರು ತಿರುವಿನಲ್ಲಿ ಕಂಡರೆ ಸಾಕು, ಗಾಡಿಯನ್ನು ಎರಡು ಮಾರು ಮುಂದಕ್ಕೆ ಎಳೆದುಕೊಂಡು ಕಾರಿನ ಮೂತಿಯ ಮುಂದೆ ದಾರಿ ಬಿಡುತ್ತಿದ್ದಳು. ಎಳೆಯುವಾಗ ನಮ್ಮ ಕಡೆ ನೋಡುತ್ತಲೂ ಇರಲಿಲ್ಲ; ಬಿಸಿಲು ಸರಿದಿದೆ ಅದಕ್ಕೆ ಸರಿಯುತ್ತಿದ್ದೇನೆ ಎಂಬ ಮುಖ. ಮೋಡ ಕವಿದ ದಿನವೂ ಅದೇ ಮುಖ. ಔಷಧಿಯ ಅಂಗಡಿಯಾತ ಮಾತ್ರೆಗಳ ಪೊಟ್ಟಣವನ್ನು ತಾನೇ ಕಾರಿನ ಕಿಟಕಿಗೆ ತಂದುಕೊಡುವುದನ್ನು ಶುರು ಮಾಡಿದ. ಎದುರು ಮನೆಯ ಬಸ್ ಕಂಡಕ್ಟರು, ವರ್ಷಗಟ್ಟಲೆ ನಮ್ಮ ಪಕ್ಕದ ಗೇಟಿಗೆ ಅಡ್ಡಲಾಗಿ ಸ್ಕೂಟರ್ ನಿಲ್ಲಿಸಿದವರು, ಯಾರೂ ಹೇಳದೆಯೇ ಅದನ್ನು ತಮ್ಮ ಮೆಟ್ಟಿಲ ಬುಡಕ್ಕೆ ಸಾಗಿಸಿದರು.

"ಈ ಬೀದಿ ಜನ ಈಚೆಗೆ ಎಷ್ಟು ಶಿಸ್ತು ಕಲಿತಿದ್ದಾರೆ ನೋಡಿದೆಯಾ?" ಎಂದರು ನಮ್ಮವರು.

"ಹೌದು ರೀ," ಎಂದೆ.

ಹೀಗಿರುವಾಗ ಮಗಳು ರಜೆಯ ಮೇಲೆ ಬಂದಳು. ಶುಕ್ರವಾರ ಸಂಜೆ ನಮ್ಮವರೂ ನಾನೂ ಕಂಡಕ್ಟರ ಮನೆಗೆ, ಅವರ ತಾಯಿಗೆ ಹುಷಾರಿಲ್ಲವೆಂದು ನೋಡಿ ಬರಲು ಹೋಗಿದ್ದೆವು. ಮರಳಿ ಬಂದಾಗ ಕತ್ತಲಾಗಿತ್ತು, ಮಗಳು ಅಡುಗೆ ಮುಗಿಸಿ ತಟ್ಟೆ ಹಾಕಿದ್ದಳು. ಅವಳ ಕೂದಲಿನಲ್ಲಿ ಜೇಡರ ಬಲೆ ಇತ್ತು. ಕೇಳಿದರೆ "ನಾಳೆ ನೋಡಿ" ಎಂದು ನಕ್ಕಳು.

ಮರುದಿನ ಬೆಳಿಗ್ಗೆ ನಮ್ಮವರು ಊರುಗೋಲು ಹಿಡಿದು ಹೊರಗೆ ಹೋದವರು ಎಷ್ಟು ಹೊತ್ತಾದರೂ ಹಾರನ್ ಹೊಡೆಯಲಿಲ್ಲ. ಹೋಗಿ ನೋಡಿದೆ. ಎರಡು ಗೇಟಿನ ನಡುವೆ ಕಾರಿರಲಿಲ್ಲ. ಶೆಡ್ಡನ್ನು ಗುಡಿಸಿ, ಹಳೆಯ ಸಾಮಾನನ್ನೆಲ್ಲ ಒಂದು ಬದಿಗೆ ಒಟ್ಟಿ, ಮಗಳು ಬೀಗಿತ್ತಿಯನ್ನು ನೇರವಾಗಿ ಒಳಗೆ ನುಗ್ಗಿಸಿ ನಿಲ್ಲಿಸಿದ್ದಳು. ಮೂತಿ ಗೋಡೆಗೆ. ಮೈಯೆಲ್ಲ ತೊಳೆದು ಒರೆಸಿ ಫಳಫಳ. ನಮ್ಮವರು ಶೆಡ್ಡಿನ ಬಾಗಿಲಲ್ಲಿ ನಿಂತು, ನಕ್ಷೆಯಲ್ಲಿ ಇಲ್ಲದ ಓಣಿಯನ್ನು ನೋಡುವ ಹಾಗೆ ನೋಡುತ್ತಿದ್ದರು.

"ಹೇಗಿದೆ ಅಪ್ಪ?" ಮಗಳು ಹಿಂದಿನಿಂದ ಬಂದಳು. "ಬಿಸಿಲಲ್ಲಿ ನಿಂತ್ರೆ ಸೀಟು ಕಾದಿರುತ್ತೆ, ಅತ್ತೆ ಹೇಗೆ ಕೂರ್ತಾರೆ? ಇನ್ನು ಮೇಲೆ ಇಲ್ಲೇ ನಿಲ್ಲಿಸಿ. ನಿಮಗೂ ಬಾಗಿಲಿಂದ ನಾಲ್ಕು ಹೆಜ್ಜೆ, ನಡೆಯೋದು ಕಡಿಮೆ."

ಅವಳ ಮುಖದಲ್ಲಿ ಅಷ್ಟು ಸಂತೋಷವಿತ್ತು. ನಮ್ಮವರು "ಚೆನ್ನಾಗಿದೆ ಮರಿ, ಬಹಳ ಚೆನ್ನಾಗಿದೆ" ಎಂದರು. ನಂತರ ಟೈರು ನೋಡಿದರು. ಆಕಾಶ ನೋಡಿದರು.

"ಇವತ್ತು ಗಾಳಿ ಕಡಿಮೆ ಇದ್ದ ಹಾಗಿದೆ."

"ಟೈರಿಗಾ, ಆಕಾಶಕ್ಕಾ? ನಿನ್ನೆ ನಾನೇ ಚೆಕ್ ಮಾಡಿದೆ. ಅತ್ತೆ ಕಾಯ್ತಿರ್ತಾರೆ, ಕೀ ಕೊಡಿ, ನಾನು ಹೊರಗೆ ತೆಗೀತೀನಿ."

ನಮ್ಮವರು ನನ್ನ ಕಡೆ ನೋಡಿದರು. ನಾನು ಎಲ್ಲಿ ನೋಡಲಿ? ಕೀ ಕೊಟ್ಟರು. ಮಗಳು ಕೂತು ಚಾಲೂ ಮಾಡಿ ಹಿಡಿಯನ್ನು 'ಆರ್'ಗೆ ಹಾಕಿದಳು. ಕಾಲು ಒತ್ತಿದಳು. ಎಂಜಿನ್ ಶೆಡ್ಡು ತುಂಬ ಕೂಗಿತು. ಇನ್ನೊಮ್ಮೆ. ಕಾರು ಮಿಸುಕಲಿಲ್ಲ. ಅವಳು ಎಂಜಿನ್ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿದಳು.

"ಅಪ್ಪ, ಇದಕ್ಕೆ ರಿವರ್ಸ್ ಬೀಳ್ತಿಲ್ಲ."

"ಬೀಳುತ್ತೆ. ಸ್ವಲ್ಪ ತಡ."

"ಎಷ್ಟು ತಡ?"

ನಮ್ಮವರು ಊರುಗೋಲಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆದರು. "ಬೇಸಿಗೆಯಿಂದ ಕಾಯ್ತಿದೀನಿ."

ಮಗಳು ಕಾರಿನಿಂದ ಇಳಿದಳು. ಅವಳಿಗೆ ಸಿಟ್ಟು ಬಂದರೆ ದನಿ ಸಣ್ಣದಾಗುತ್ತದೆ. "ರಿವರ್ಸ್ ಇಲ್ಲದ ಕಾರಲ್ಲಿ ಇಷ್ಟು ದಿನ ಊರೆಲ್ಲ ಓಡಾಡಿದ್ದೀರಿ. ಅಮ್ಮನೂ ಸೇರಿಕೊಂಡು. ಇದು ದೊಡ್ಡ ಕಾಯಿಲೆ ಅಲ್ವಾ? ನೀವು ಮಾತು ಕೊಟ್ಟಿರಲಿಲ್ವಾ?"

"ಕೊಟ್ಟಿದ್ದೆ," ಎಂದರು ನಮ್ಮವರು. "ಇವತ್ತೊಂದು ದಿನ ಅಕ್ಕನನ್ನ ಸುತ್ತಿಸಿಕೊಂಡು ಬರ್ತೀನಿ. ಬಂದು ಕೀ ನಿನ್ನ ಕೈಗೆ ಕೊಡ್ತೀನಿ."

ಅವರು ಅಷ್ಟು ಸುಲಭವಾಗಿ ಒಪ್ಪುತ್ತಾರೆಂದು ನಾವಿಬ್ಬರೂ ಎಣಿಸಿರಲಿಲ್ಲ. ಮಗಳು ಬಂಪರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿಕೊಂಡು, ಗೋಡೆಗೆ ಬೆನ್ನು ಆನಿಸಿ ಕಾರನ್ನು ನೂಕಲು ನಿಂತಳು. ನಾನು ಕಾರಿನ ಬಾಗಿಲ ಕಂಬ ಹಿಡಿದು ತಳ್ಳಿದೆ. ನಮ್ಮವರು ಸ್ಟೀರಿಂಗ್ ಹಿಡಿದರು. ಕಾರು ಒಂದು ಗೇಣು ಸರಿದು ಮತ್ತೆ ತನ್ನ ಜಾಗಕ್ಕೆ ಬಂತು.

ಗೇಟಿನಲ್ಲಿ ಕಂಡಕ್ಟರ ದನಿ ಕೇಳಿತು. "ನ್ಯೂಟ್ರಲ್‌ಗೆ ಹಾಕಿ ಸಾರ್, ಬಂದೆ." ಅವರ ಹಿಂದೆ ಹಣ್ಣಿನವಳು, ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತ. ಔಷಧಿ ಅಂಗಡಿಯಾತ ಅಂಗಡಿಯನ್ನು ಹಾಗೆಯೇ ಬಿಟ್ಟು ಬಂದಿದ್ದ. ಯಾರನ್ನೂ ಯಾರೂ ಕರೆದಿರಲಿಲ್ಲ.

"ಏನಾಗಿದೆ ಅಂತ ನಿಮಗೆ..." ನಮ್ಮವರು ಶುರು ಮಾಡಿದರು.

"ರಿವರ್ಸ್ ಇಲ್ವಲ್ಲ ಸಾರ್," ಎಂದಳು ಹಣ್ಣಿನವಳು, ಹಿಂದಿನ ಬಂಪರಿಗೆ ಕೈ ಹಾಕುತ್ತ. "ಅಂಚೆಯವರು ಆವತ್ತೇ ಹೇಳಿದ್ರು."

"ಆವತ್ತೇ!"

"ಇನ್ನೇನು, ಬಿಸಿಲಿಗೆ ಅಂತ ಗಾಡಿ ಎಳ್ಕೊಂಡು ಹೋಗ್ತಿದ್ದೆ ಅಂದ್ಕೊಂಡ್ರಾ? ನಿಮ್ಮ ಕಾರಿನಿಂದ ನನ್ನ ಗಾಡಿಗೆ ಒಳ್ಳೆ ವ್ಯಾಯಾಮ. ಹೂಂ, ಎಲ್ಲರೂ ಒಟ್ಟಿಗೆ!"

ಬೀಗಿತ್ತಿ ಹಿಂದೆ ಹಿಂದೆ ಸರಿದು ಬೆಳಕಿಗೆ ಬಂದಳು. ನಮ್ಮವರ ಕಿವಿಗಳು ಕೆಂಪಾಗಿದ್ದವು. ಕಂಡಕ್ಟರು ಕಿಟಕಿಯ ಹತ್ತಿರ ಬಂದು ಬಸ್ಸಿಗೆ ಹೊಡೆಯುವ ಹಾಗೆ ಎರಡು ಸಲ ತಟ್ಟಿ, "ರೈಟ್, ಹೋಗಲಿ!" ಎಂದರು. ಆಗ ನಮ್ಮವರಿಗೂ ನಗು ತಡೆಯಲಾಗಲಿಲ್ಲ.

ಮಗಳು ನಗಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ದಾರಿಯುದ್ದಕ್ಕೂ ಅಪ್ಪನ ಕೈಯನ್ನೇ ನೋಡುತ್ತಿದ್ದಳು. ರೋಗಿಯನ್ನು ನೋಡುವ ನೋಟ ಅದು, ನನಗೆ ಗೊತ್ತು. ಅತ್ತಿಗೆ ಚಪ್ಪಲಿ ಹಾಕಿಕೊಂಡೇ ಕೆಳಗೆ ಕಾಯುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಹಿಂದಕ್ಕೆ ತಿರುಗಿ ನನಗೆ "ಚೆನ್ನಾಗಿದೀರಾ ಟೀಚರಮ್ಮ" ಎಂದರು. ಮಗಳನ್ನು ನೋಡಿ, "ಇದು ಯಾರ ಮಗು? ಬಹಳ ಸಿಟ್ಟಲ್ಲಿದೆ" ಎಂದರು.

ಕೆರೆ ಆಯಿತು, ರೈಲ್ವೆ ಗೇಟು ಆಯಿತು. ಹಳೆಯ ಶಾಲೆಯ ಏರು ಬಂತು. ಈಗ ಅಲ್ಲಿ ಶಾಲೆಯಿಲ್ಲ, ಯಾವುದೋ ಗೋದಾಮು. ತೊಟ್ಟಿ ಮಾತ್ರ ಒಣಗಿ ಅಲ್ಲೇ ಇದೆ. ಕಾರು ಅರ್ಧ ಏರುವಷ್ಟರಲ್ಲಿ, ಎಂದಿನ ಹಾಗೆ, ಎಂಜಿನ್ ಕೂಗತೊಡಗಿತು. ವೇಗ ಸತ್ತಿತು. ಮಗಳು ನನ್ನ ಮಣಿಕಟ್ಟು ಹಿಡಿದಳು. ನಮ್ಮವರು ಮೆಲ್ಲಗೆ ಕಾಲು ಎತ್ತಿದರು.

ಅತ್ತಿಗೆ ಮುಂದಕ್ಕೆ ಬಾಗಿ, ಎರಡೂ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿದರು.

"ನಿಲ್ಲು. ಸ್ವಲ್ಪ ಉಸಿರು ತಗೋತೀನಿ. ಗಟ್ಟಿಯಾಗಿ ಹಿಡ್ಕೋ ಪುಟ್ಟ."

"ಹಿಡ್ಕೊಂಡಿದೀನಿ ಅಕ್ಕ," ಎಂದರು ನಮ್ಮವರು. ಅವರ ಎರಡೂ ಕೈ ಸ್ಟೀರಿಂಗ್ ಮೇಲಿದ್ದವು.

"ಭಾರ ಆಗಿದೀಯ ಕಣೋ."

"ಬಂಗಾರದ ಮೂಟೆ ಅಲ್ವಾ."

ಅತ್ತಿಗೆ ನಕ್ಕರು. ಒಳಗೆಲ್ಲೋ ಗೇರು ಹಿಡಿದುಕೊಂಡಿತು, ಕಾರು ಒಂದು ಜಗ್ಗು ಜಗ್ಗಿ ಮೇಲೇರಿತು. "ಹಾಂ, ಈಗ ಹೋಗೋಣ," ಎಂದು ಅತ್ತಿಗೆ ಸೀಟಿಗೆ ಒರಗಿದರು. ಹಣೆಯಲ್ಲಿ ಇಲ್ಲದ ಬೆವರನ್ನು ಮುಂಗೈಯಿಂದ ಒರೆಸಿಕೊಂಡರು.

ಕಾರು ಜಾರತೊಡಗಿದಂದಿನಿಂದ ಪ್ರತಿ ಶನಿವಾರ ನಾನು ಕೇಳಿದ ಮಾತು ಇದು. ಮಗಳು ಕೇಳಿದ್ದು ಅಂದೇ ಮೊದಲು. ಆ ಕಥೆಯನ್ನು ಅವಳೂ ಅಪ್ಪನ ಬಾಯಲ್ಲಿ ಕೇಳಿಕೊಂಡೇ ಬೆಳೆದವಳು, ನಾನು ಏನೂ ವಿವರಿಸಬೇಕಾಗಲಿಲ್ಲ. ನನ್ನ ಮಣಿಕಟ್ಟನ್ನು ಬಿಟ್ಟು ಬೆರಳುಗಳನ್ನು ಹಿಡಿದುಕೊಂಡಳು, ಇಳಿಜಾರು ಮುಗಿಯುವವರೆಗೂ ಬಿಡಲಿಲ್ಲ.

ಮನೆಗೆ ಬಂದ ಮೇಲೆ ನಮ್ಮವರು ಕೀಲಿಯನ್ನು ಊಟದ ಮೇಜಿನ ಮೇಲೆ ಅವಳ ಮುಂದಿಟ್ಟರು. ಕುರ್ಚಿಯಲ್ಲಿ ಕೂತು ಊರುಗೋಲನ್ನು ಗೋಡೆಗೆ ಒರಗಿಸಿದರು. ಇನ್ನು ಅದನ್ನು ಎಲ್ಲಿಗೂ ಒಯ್ಯುವುದಿಲ್ಲ ಎಂಬ ಹಾಗೆ ಒರಗಿಸಿದ್ದು ನನ್ನ ಕಣ್ಣಿಗೆ ಬಿತ್ತು.

ಮಗಳು ಕೀಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನೀವು ಓಡಿಸೋದನ್ನ ಇವತ್ತು ಹಿಂದೆ ಕೂತು ನೋಡಿದೆ ಅಪ್ಪ. ನಿಮ್ಮ ಕಣ್ಣು ಸರಿ ಇದೆ, ಕೈ ಸರಿ ಇದೆ, ಬುದ್ಧಿ..."

"ಬುದ್ಧಿ?"

"ಸುಮಾರಾಗಿದೆ. ಇಲ್ಲಿ ಪೇಷೆಂಟು ಗೇರ್‌ಬಾಕ್ಸು. ಕಾಯಿಲೆ ಬಂದ್ರೆ ಮಾರಿಬಿಡೋಣ ಅಂದಿದ್ದೆನಲ್ಲ. ಆಸ್ಪತ್ರೇಲಿ ಕೆಲಸ ಮಾಡೋಳು ಆಡೋ ಮಾತಾ ಅದು?" ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ಆದರೆ ಹೀಗೆ ಓಡಿಸೋದು ಇವತ್ತಿಗೆ ಕೊನೆ. ಸೋಮವಾರ ಗ್ಯಾರೇಜಿಗೆ ನಾನು ಹೋಗ್ತೀನಿ. ಸರಿ ಆದ್ರೆ ಕೀ ನಿಮ್ಮದು. ಆಗದಿದ್ರೆ ಆಗಲಿಲ್ಲ. ಒಪ್ಪಿಗೆನಾ?"

ನಮ್ಮವರು ತಲೆಯಾಡಿಸಿದರು.

ಗ್ಯಾರೇಜಿನವರು ಮಗಳಿಗೂ ಅದನ್ನೇ ಹೇಳಿದರು, ಬಿಚ್ಚಿದರೆ ಮತ್ತೆ ಓಡುವ ಖಾತ್ರಿಯಿಲ್ಲ ಎಂದು. "ಬಿಚ್ಚೋದು ಬೇಡ, ಪೂರ್ತಿ ಬದಲಾಯಿಸಿ," ಎಂದಳಂತೆ ಮಗಳು. "ಇದೇ ಜಾತಿಯ ಕಾರು ಎಲ್ಲಾದರೂ ಗುಜರಿಯಲ್ಲಿ ಬಿದ್ದಿರಲ್ವಾ?" ಅವರು ಯೋಚಿಸಿ, ನಾಲ್ಕು ಕಡೆ ಫೋನ್ ಮಾಡಿದರು. ದೂರದ ಗುಜರಿಯೊಂದರಲ್ಲಿ ಬೀಗಿತ್ತಿಯ ತದ್ರೂಪಿ ಕಾರೊಂದು, ಹಿಂದಿನಿಂದ ಲಾರಿ ಗುದ್ದಿ ಹಿಂಭಾಗವೆಲ್ಲ ಅಪ್ಪಚ್ಚಿಯಾದದ್ದು, ಮಳೆ ತಾಗದ ಮೂಲೆಯಲ್ಲಿ ನಿಂತಿತ್ತು. ಮುಂಭಾಗಕ್ಕೆ ಪೆಟ್ಟಾಗಿರಲಿಲ್ಲ. ಗೇರ್‌ಬಾಕ್ಸು ಹೇಗಿದೆಯೆಂದು ಕೂರಿಸಿದ ಮೇಲೆಯೇ ತಿಳಿಯುವುದು. ಮಗಳು ರಜೆಯನ್ನು ಮುಂದುವರಿಸಿದಳು.

ನಡುವೆ ಒಂದು ಶನಿವಾರ ಕಾರಿಲ್ಲದೆ ಬಂತು. ಟ್ಯಾಕ್ಸಿಯಲ್ಲಿ ಅತ್ತಿಗೆಯ ಮನೆಗೆ ಹೋಗಿ ಬಾಲ್ಕನಿಯಲ್ಲಿ ಕೂತೆವು. ಅತ್ತಿಗೆ ಚಪ್ಪಲಿ ಹಾಕಿಕೊಂಡು ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದರು. ನಮ್ಮವರು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರೆ, "ಪುಟ್ಟ ಇನ್ನೂ ಬರಲಿಲ್ಲ. ನಿಮಗೇನಾದ್ರೂ ಗೊತ್ತಾ?" ಎಂದು ಅವರನ್ನೇ ಕೇಳಿದರು.

ನಮ್ಮವರು ಹಿಡಿದ ಕೈ ಬಿಡದೆ, "ನಾನು ಅವನ ಕಡೆಯೋನೇ," ಎಂದರು. "ಕಾರು ರಿಪೇರಿಗೆ ಕೊಟ್ಟಿದಾನಂತೆ. ಮುಂದಿನ ವಾರ ಬರ್ತಾನೆ."

"ಅವನಿಗೆ ನಡೆಯೋಕಾಗಲ್ಲ, ಪಾಪ," ಎಂದರು ಅತ್ತಿಗೆ. "ನಾನೇ ಹೋಗಿ ಕರ್ಕೊಂಡು ಬರಬೇಕಿತ್ತು."

ಆ ವಾರವೆಲ್ಲ ನಮ್ಮವರು ಫೋನಿನ ಹತ್ತಿರವೇ ಕೂತರು. ನಾನೂ ಆ ಗುಜರಿಯ ಗೇರ್‌ಬಾಕ್ಸನ್ನು ನೆನೆಯದ ಹೊತ್ತಿಲ್ಲ.

ಶುಕ್ರವಾರ ಸಂಜೆ ಬೀಗಿತ್ತಿ ಮನೆಗೆ ಬಂದಳು. ಓಡಿಸಿಕೊಂಡು ಬಂದ ಗ್ಯಾರೇಜಿನವರು ಕೀಲಿಯನ್ನು ಮಗಳಿಗೆ ಕೊಟ್ಟರು, ಮಗಳು ಅಪ್ಪನಿಗೆ ಕೊಟ್ಟಳು. "ಎಷ್ಟು ದಿನ ಬರುತ್ತೆ?" ಎಂದು ಕೇಳಿದೆ. ಅವರು ಬೆರಳಿನ ಮಸಿ ಒರೆಸುತ್ತ, "ನಿಮ್ಮ ಹಾಗೆ, ನನ್ನ ಹಾಗೆ ಅಮ್ಮ. ಇರೋಷ್ಟು ದಿನ ಚೆನ್ನಾಗಿರುತ್ತೆ" ಎಂದರು.

ನಮ್ಮವರು ಕೂತು ಹಿಡಿಯನ್ನು 'ಆರ್'ಗೆ ಹಾಕಿದರು. ಕಾರು ಹಿಂದಕ್ಕೆ ಬಂತು, ನಿಟ್ಟುಸಿರಿಲ್ಲದೆ. ಗೇಟಿನಿಂದ ಬೀದಿಗೆ, ಬೀದಿಯಲ್ಲಿ ಕಂಡಕ್ಟರ ಮನೆ ದಾಟಿ, ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತ, ಔಷಧಿ ಅಂಗಡಿಯವರೆಗೂ ಹಿಂದೆ ಹಿಂದೆಯೇ ಹೋದರು. ಮುಖದಲ್ಲಿ ಹೊಸ ಸೈಕಲ್ ಸಿಕ್ಕ ಹುಡುಗನ ಕಳೆ. ಹಣ್ಣಿನವಳು ಕೈ ತಟ್ಟಿದಳು; ತಟ್ಟುತ್ತಲೇ, ಅಭ್ಯಾಸದಂತೆ, ಗಾಡಿಯನ್ನು ಎರಡು ಮಾರು ಮುಂದಕ್ಕೆ ಎಳೆದುಕೊಂಡಳು.

"ಇನ್ನು ಬೇಡಮ್ಮ," ಎಂದರು ನಮ್ಮವರು.

"ಇರಲಿ ಬಿಡಿ ಸಾರ್. ಇಲ್ಲಿ ಬಿಸಿಲು."

ಮರುದಿನ ಎರಡು ಸಲ ಹಾರನ್ ಹೊಡೆದ ಕೂಡಲೇ ಅತ್ತಿಗೆ ಕೆಳಗೆ ಬಂದರು. "ಎಲ್ಲಿ ಹೋಗಿದ್ದೆ ಪುಟ್ಟ? ನಿನ್ನ ಕಡೆಯವರು ಬಂದಿದ್ರು, ಒಳ್ಳೆ ಮನುಷ್ಯ," ಎಂದು ಸೀಟಿನಲ್ಲಿ ಕೂತು ಕೈಚೀಲ ಸರಿಮಾಡಿಕೊಂಡರು. ಮಗಳೂ ನಾನೂ ಹಿಂದೆ. ಕೆರೆ, ರೈಲ್ವೆ ಗೇಟು, ಏರು. ಬೀಗಿತ್ತಿ ಸರಾಗವಾಗಿ, ಒಂದೇ ದನಿಯಲ್ಲಿ ಗುನುಗುತ್ತ ಏರತೊಡಗಿದಳು. ಎಷ್ಟು ತಿಂಗಳಾಗಿತ್ತು ಅಂಥ ಏರು ಕಂಡು. ಮಗಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ತೊಟ್ಟಿ ಹತ್ತಿರವಾಯಿತು. ಅತ್ತಿಗೆಯ ಕೈಗಳು ಕೈಚೀಲವನ್ನು ಬಿಟ್ಟು ಡ್ಯಾಶ್‌ಬೋರ್ಡಿನ ಕಡೆ ಎದ್ದವು. ಕಾರು ಓಡುತ್ತಲೇ ಇತ್ತು. ಅವರು ಗಾಬರಿಯಿಂದ ತೊಟ್ಟಿಯನ್ನು ನೋಡಿದರು, ತಮ್ಮನನ್ನು ನೋಡಿದರು. ಉಸಿರು ನಿಜವಾಗಿಯೂ ಮೇಲೆ ಬಂದಿತ್ತು.

ನಮ್ಮವರು ಕನ್ನಡಿಯಲ್ಲಿ ಹಿಂದೆ ನೋಡಿದರು. ಯಾವ ಗಾಡಿಯೂ ಇರಲಿಲ್ಲ. ಕಾಲು ಎತ್ತಿದರು, ಕಾರನ್ನು ಮೆಲ್ಲಗೆ ಅಂಚಿಗೆ ತಂದು ತೊಟ್ಟಿಯ ಪಕ್ಕ ನಿಲ್ಲಿಸಿದರು.

"ಉಸಿರು ತಗೋ ಅಕ್ಕ," ಎಂದರು. "ನಾನು ಗಟ್ಟಿಯಾಗಿ ಹಿಡ್ಕೊಂಡಿದೀನಿ."

ಅತ್ತಿಗೆ ಎರಡೂ ಅಂಗೈ ಊರಿ, ತಲೆ ತಗ್ಗಿಸಿ, ಬೇಕಾದಷ್ಟು ಹೊತ್ತು ಉಸಿರು ತೆಗೆದುಕೊಂಡರು. ನಂತರ ಅವರು ಹಣೆ ಒರೆಸಿಕೊಂಡು, "ಹಾಂ, ಈಗ ಹೋಗೋಣ" ಎಂದರು.